ರೋಗಿಯ ಮೂಲಭೂತ ಅಗತ್ಯ, ಕುಟುಂಬ ಮತ್ತು ಸಮುದಾಯ: ಶುಶ್ರೂಷಾ ಯೋಜನೆಯನ್ನು ರೂಪಿಸುವ ಬಗೆ

ಪಾರ್ಶ್ವವಾಯುವಿನಿಂದ ಬಲಗೈ ಮತ್ತು ಬಲಗಾಲಿನ ಸ್ವಾಧೀನ ತಪ್ಪಿದ ವೃದ್ಧೆಯೊಬ್ಬರು ವಾರ್ಡಿನಲ್ಲಿದ್ದಾರೆ ಎಂದುಕೊಳ್ಳೋಣ. ನುಂಗುವ ಸಾಮರ್ಥ್ಯದ ಪರೀಕ್ಷೆ ಮುಗಿದು, ನೀರು ಕುಡಿಸಲು ಅಡ್ಡಿಯಿಲ್ಲವೆಂದು ಕೇಸ್ ಶೀಟಿನಲ್ಲಿ ದಾಖಲಾಗಿದೆ. ನೀರಿನ ಲೋಟ ಅವರ ಎಡಗೈಗೆ ಎಟುಕುವಂತೆಯೇ ಇದೆ. ಆದರೂ ದಿನವಿಡೀ ನಾಲ್ಕಾರು ಗುಟುಕಿಗಿಂತ ಹೆಚ್ಚು ನೀರು ಒಳಗೆ ಹೋಗುತ್ತಿಲ್ಲ. ಪಕ್ಕದಲ್ಲಿ ಕುಳಿತು ವಿಚಾರಿಸಿದಾಗ, ನೀರು ಕುಡಿದರೆ ಬೆಡ್‌ಪ್ಯಾನ್ ಕೇಳಬೇಕಾಗುತ್ತದೆ, ಪರಿಚಯವಿಲ್ಲದವರ ಬಳಿ ಅದನ್ನು ಕೇಳಲು ನಾಚಿಕೆಯಾಗುತ್ತದೆ ಎಂಬ ಉತ್ತರ ಬರುತ್ತದೆ. ದೇಹದ ಅಗತ್ಯವೊಂದು ಮಾನದ ಅಗತ್ಯದಿಂದಾಗಿ ತಡೆದು ನಿಂತಿದೆ. ಹಾಸಿಗೆಯ ಸುತ್ತ ಪರದೆ ಎಳೆದು, ಎರಡು ಗಂಟೆಗೊಮ್ಮೆ ಶುಶ್ರೂಷಕಿಯೇ ಮುಂದಾಗಿ ಬೆಡ್‌ಪ್ಯಾನ್ ಬೇಕೇ ಎಂದು ವಿಚಾರಿಸತೊಡಗಿದರೆ, ನೀರು ಕುಡಿಯಿರೆಂದು ಪದೇ ಪದೇ ಹೇಳುವ ಪ್ರಮೇಯವೇ ಬಾರದಿರಬಹುದು.

ಅಮೆರಿಕದ ಮನೋವಿಜ್ಞಾನಿ ಅಬ್ರಹಾಂ ಮಾಸ್ಲೊ 1943ರ ಲೇಖನವೊಂದರಲ್ಲಿ ಮಂಡಿಸಿದ ಅಗತ್ಯಗಳ ಶ್ರೇಣಿಯನ್ನು ಶುಶ್ರೂಷಾ ವಿದ್ಯಾರ್ಥಿಗಳೆಲ್ಲರೂ ಓದಿರುತ್ತಾರೆ: ದೈಹಿಕ ಅಗತ್ಯಗಳು, ಸುರಕ್ಷತೆ, ಪ್ರೀತಿ ಮತ್ತು ಸೇರಿಕೆಯ ಭಾವ, ಗೌರವ, ಆತ್ಮಸಾಕ್ಷಾತ್ಕಾರ (ತನ್ನ ಸಾಮರ್ಥ್ಯವನ್ನು ಪೂರ್ತಿಯಾಗಿ ಅರಳಿಸಿಕೊಳ್ಳುವುದು). ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸಲು ಈ ಶ್ರೇಣಿ ಉಪಯುಕ್ತವೇ ಹೌದು. ಆದರೆ ಅದು ಒಂದೊಂದೇ ಮೆಟ್ಟಿಲು ಹತ್ತಬೇಕಾದ ಏಣಿಯಲ್ಲ. ಈ ಕ್ರಮ ಎಲ್ಲರಲ್ಲೂ ಒಂದೇ ರೀತಿ ಇರುವುದಿಲ್ಲವೆಂದು ಮಾಸ್ಲೊ ಅವರೇ ಆ ಲೇಖನದಲ್ಲಿ ಒಪ್ಪಿದ್ದರು. ಹಾಸಿಗೆಯ ಬಳಿಯ ಕೆಲಸಕ್ಕೆ ಹೆಚ್ಚು ಹೊಂದುವುದು ಅಮೆರಿಕದ ಶುಶ್ರೂಷಾ ತಜ್ಞೆ ವರ್ಜೀನಿಯಾ ಹೆಂಡರ್‌ಸನ್ ಅವರ ವಿವರಣೆ ಎಂಬುದು ನನ್ನ ಅಭಿಪ್ರಾಯ. ಉಸಿರಾಟ, ಆಹಾರ, ವಿಸರ್ಜನೆ, ಚಲನೆ, ನಿದ್ರೆಗಳಿಂದ ಹಿಡಿದು ಮಾತುಕತೆ, ಆರಾಧನೆ, ದುಡಿಮೆ, ಮನರಂಜನೆ ಮತ್ತು ಕಲಿಕೆಯವರೆಗೆ ಅವರು 14 ಅಗತ್ಯಗಳನ್ನು ಗುರುತಿಸಿದರು. ವ್ಯಕ್ತಿಗೆ ಸಾಕಷ್ಟು ಬಲ, ಇಚ್ಛೆ ಮತ್ತು ತಿಳಿವಳಿಕೆ ಇದ್ದಿದ್ದರೆ ತಾನೇ ಮಾಡಿಕೊಳ್ಳುತ್ತಿದ್ದ ಕೆಲಸಗಳಲ್ಲಿ ನೆರವಾಗುವುದು, ಅವರು ಆದಷ್ಟು ಬೇಗ ಸ್ವಾವಲಂಬಿಗಳಾಗುವಂತೆ ನೋಡಿಕೊಳ್ಳುವುದು ಶುಶ್ರೂಷೆಯ ಕರ್ತವ್ಯವೆಂದು ಅವರು ಹೇಳಿದರು. ಬಲ, ಇಚ್ಛೆ, ತಿಳಿವಳಿಕೆ ಎಂಬ ಈ ಮೂರು ಮಾತುಗಳನ್ನೇ ಹಿಡಿದು ಇಡೀ ಯೋಜನೆಯನ್ನು ರೂಪಿಸಬಹುದು.

ಮೊದಲ ಭೇಟಿಯಲ್ಲಿ ಜೀವಕ್ಕೆ ಅಪಾಯ ತರುವಂಥವನ್ನು ನೋಡಬೇಕು. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಅದು ಸಾಮಾನ್ಯವಾಗಿ 12ರಿಂದ 20ರ ನಡುವೆ ಇರುತ್ತದೆ. ನಾಡಿ, ರಕ್ತದೊತ್ತಡ ಮತ್ತು ಪ್ರಜ್ಞೆಯ ಮಟ್ಟದ ಜೊತೆಗೆ ಮೂತ್ರದ ಪ್ರಮಾಣವನ್ನೂ ದಾಖಲಿಸಬೇಕು. ವಯಸ್ಕರಲ್ಲಿ ಅದು ಗಂಟೆಗೆ ದೇಹತೂಕದ ಪ್ರತಿ ಕಿಲೋಗೆ ಸುಮಾರು 0.5 ಮಿಲಿಲೀಟರಿಗಿಂತ ಕಡಿಮೆಯಾದರೆ, ಅಂದರೆ 60 ಕಿಲೋ ತೂಕದವರಲ್ಲಿ 30 ಮಿಲಿಲೀಟರಿಗಿಂತ ಕೆಳಗಿಳಿದರೆ, ವೈದ್ಯರಿಗೆ ತಿಳಿಸಬೇಕು. ವೃದ್ಧರಿಗೆ ಬಾಯಾರಿಕೆಯ ಅರಿವು ಮಂದವಾಗಿರುವುದರಿಂದ, ಅವರು ನೀರು ಕೇಳಲಿಲ್ಲ ಎಂದಮಾತ್ರಕ್ಕೆ ದೇಹಕ್ಕೆ ನೀರು ಸಾಕಾಗಿದೆ ಎಂದು ತಿಳಿಯಬಾರದು. ಬೆನ್ನಿನ ಕೆಳಭಾಗ, ಸೊಂಟದ ಇಕ್ಕೆಲ, ಹಿಮ್ಮಡಿಗಳಲ್ಲಿ ಚರ್ಮ ಕೆಂಪಾಗಿದ್ದರೆ ಬೆರಳಿನಿಂದ ಒತ್ತಿ ನೋಡಬೇಕು. ಒತ್ತಿದಾಗಲೂ ಬಿಳುಪೇರದ ಕೆಂಪು, ಹಾಸಿಗೆ ಹುಣ್ಣು ಶುರುವಾಗುತ್ತಿರುವುದರ ಲಕ್ಷಣ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣದೇ ಹೋಗಬಹುದಾದ್ದರಿಂದ, ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ, ನೋಯುತ್ತದೆಯೇ ಎಂದು ಮುಟ್ಟಿ ತಿಳಿಯಬೇಕು.

ತುರ್ತಿನದು ಮುಗಿದ ಮೇಲೆ, ಈಡೇರದ ಪ್ರತಿಯೊಂದು ಅಗತ್ಯದ ಮುಂದೆ ಕೊರತೆ ಯಾವುದು ಎಂದು ಬರೆದುಕೊಳ್ಳಿ. ಬಲದ ಕೊರತೆಯಾದರೆ ಆ ಕೆಲಸವನ್ನು ನಾವು ಮಾಡಬೇಕು, ಅಥವಾ ರೋಗಿಗೆ ಆಗುವಷ್ಟನ್ನು ಅವರಿಗೇ ಬಿಟ್ಟು ಉಳಿದದ್ದರಲ್ಲಿ ಕೈಜೋಡಿಸಬೇಕು. ಎಡಗೈಯಿಂದ ಮುಖ ತೊಳೆದುಕೊಳ್ಳಬಲ್ಲವರಿಗೆ ಸಮಯ ಉಳಿಸಲೆಂದು ನಾವೇ ಮುಖ ತೊಳೆಸುವುದು ಉಪಕಾರವಲ್ಲ. ತಿಳಿವಳಿಕೆಯ ಕೊರತೆಯಾದರೆ ಕಲಿಸಬೇಕು. ಇಚ್ಛೆಯ ಕೊರತೆ ಕಂಡಾಗ ಮಾತ್ರ ನಿಧಾನಿಸಬೇಕು, ಏಕೆಂದರೆ ಅದರ ಹಿಂದೆ ನೋವು, ಭಯ, ನಾಚಿಕೆ, ಖಿನ್ನತೆ, ಖರ್ಚಿನ ಚಿಂತೆ ಇವುಗಳಲ್ಲಿ ಯಾವುದಾದರೂ ಅಡಗಿರಬಹುದು. ‘ರೋಗಿ ಸಹಕರಿಸುತ್ತಿಲ್ಲ’ ಎಂಬ ವಾಕ್ಯವನ್ನು ಕೇಸ್ ಶೀಟಿನಲ್ಲಿ ಕಂಡಾಗಲೆಲ್ಲ, ಕಾರಣವನ್ನು ಕೇಳದೆಯೇ ಬರೆದಿರಬಹುದೆಂಬ ಸಂಶಯ ನನಗೆ ಬರುತ್ತದೆ.

ಬಲವಿದೆಯೇ, ಇಚ್ಛೆಯಿದೆಯೇ, ತಿಳಿವಳಿಕೆಯಿದೆಯೇ ಎಂಬ ಇದೇ ಮೂರು ಪ್ರಶ್ನೆಗಳನ್ನು ಕುಟುಂಬದ ವಿಷಯದಲ್ಲೂ ಕೇಳಬೇಕು. ಮೊದಲು ಮೂರು ತಲೆಮಾರಿನ ಕುಟುಂಬ ನಕ್ಷೆಯನ್ನು ಬರೆದು, ಯಾರು ಒಟ್ಟಿಗೆ ವಾಸಿಸುತ್ತಾರೆ, ಯಾರಿಗೆ ಯಾವ ಕಾಯಿಲೆಯಿದೆ ಎಂಬುದನ್ನು ಗುರುತಿಸಿ. ವೈದ್ಯರ ಜೊತೆ ಮಾತನಾಡುವವರು ಒಬ್ಬರು, ಹಣದ ವ್ಯವಹಾರ ನೋಡುವವರು ಇನ್ನೊಬ್ಬರು, ಮನೆಯಲ್ಲಿ ರಾತ್ರಿ ಎದ್ದು ಮಗ್ಗುಲು ಬದಲಿಸಬೇಕಾದವರು ಮತ್ತೊಬ್ಬರು ಆಗಿರುವುದು ಸಾಮಾನ್ಯ. ಕಲಿಸಬೇಕಾದದ್ದು ಆ ಮೂರನೆಯವರಿಗೆ. ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಸ್ವಾಧೀನವಿಲ್ಲದ ತೋಳನ್ನು ಹಿಡಿದು ಎಳೆದರೆ ಭುಜದ ಕೀಲಿಗೆ ಪೆಟ್ಟಾಗುವುದರಿಂದ ಹಾಗೆ ಎಳೆಯದಿರುವುದು, ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ, ಆಮೇಲೂ ಅರ್ಧ ಗಂಟೆ ಮಲಗಿಸದಿರುವುದು, ಇವನ್ನೆಲ್ಲ ಬಾಯಲ್ಲಿ ಹೇಳಿ ‘ತಿಳಿಯಿತೇ?’ ಎಂದು ಕೇಳಿದರೆ ಎಲ್ಲರೂ ‘ತಿಳಿಯಿತು’ ಎನ್ನುತ್ತಾರೆ. ನಾವು ಒಮ್ಮೆ ಮಾಡಿ ತೋರಿಸಿ, ಅನಂತರ ಅವರಿಂದಲೇ ಮಾಡಿಸಿ ನೋಡಬೇಕು. ಡಿಸ್ಚಾರ್ಜ್ ದಿನದ ಗಡಿಬಿಡಿಯಲ್ಲಿ ಈ ಕಲಿಕೆ ನಡೆಯುವುದಿಲ್ಲ. ದಾಖಲಾದ ಎರಡನೆಯ ಅಥವಾ ಮೂರನೆಯ ದಿನದಿಂದಲೇ ಆರಂಭಿಸಬೇಕು.

ಆರೈಕೆ ಮಾಡುವವರ ಬಲವನ್ನೂ ಅಳೆಯಬೇಕಾಗುತ್ತದೆ. ಅವರು ರಾತ್ರಿ ಎಷ್ಟು ಗಂಟೆ ನಿದ್ರಿಸುತ್ತಾರೆ, ಅವರಿಗೆ ಬೆನ್ನುನೋವಿದೆಯೇ, ಅವರ ಬದಲಿಗೆ ಒಂದು ದಿನ ಕೂರುವವರು ಇದ್ದಾರೆಯೇ ಎಂದು ಕೇಳಿ ಬರೆದುಕೊಳ್ಳಿ. ರೋಗಿಯ ಎದುರು ಅವರು ನಿಜ ಹೇಳಲಾರರು, ಪ್ರತ್ಯೇಕವಾಗಿ ಕೇಳಿ. ಅದೇ ರೀತಿ, ರೋಗಿಯ ಒಪ್ಪಿಗೆಯಿಲ್ಲದೆ ಅವರ ಕಾಯಿಲೆಯ ವಿವರಗಳನ್ನು ಎಲ್ಲ ನೆಂಟರ ಮುಂದೆ ಬಿಚ್ಚಿಡುವುದು ಸಲ್ಲದು. ಕುಟುಂಬವೇ ರೋಗಿಗೆ ಹಿಂಸೆ ಕೊಡುತ್ತಿರುವ ಸಂದರ್ಭಗಳೂ ಉಂಟು. ಮೈಮೇಲಿನ ಗಾಯಕ್ಕೂ ಹೇಳಿದ ಕಾರಣಕ್ಕೂ ತಾಳೆಯಾಗದಿದ್ದರೆ, ರೋಗಿಯೊಬ್ಬರನ್ನೇ ಮಾತನಾಡಿಸಿ ಮೇಲಧಿಕಾರಿಗಳಿಗೆ ತಿಳಿಸಬೇಕು.

ಕುಟುಂಬಕ್ಕೂ ನೀಗದ ಕೆಲಸಗಳಿಗೆ ಸಮುದಾಯದ ನೆರವು ಬೇಕು. ಜನರಿಗೆ ತಮ್ಮ ಆರೋಗ್ಯ ಸೇವೆಯ ಯೋಜನೆಯಲ್ಲಿಯೂ ಅನುಷ್ಠಾನದಲ್ಲಿಯೂ ಪಾಲ್ಗೊಳ್ಳುವ ಹಕ್ಕು ಮತ್ತು ಕರ್ತವ್ಯ ಎರಡೂ ಇವೆ ಎಂದು ಪ್ರಾಥಮಿಕ ಆರೋಗ್ಯ ಸೇವೆಯ ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ಹೊರಡಿಸಿದ 1978ರ ಅಲ್ಮಾ ಆಟಾ ಘೋಷಣೆ ಸಾರಿತು. ಈ ಮಾತನ್ನು ಒಬ್ಬ ರೋಗಿಯ ಮಟ್ಟಕ್ಕೆ ಇಳಿಸಲು ಒಂದು ಹಾಳೆ ಸಾಕು. ನಡುವೆ ಮನೆಯ ವೃತ್ತ ಬರೆದು, ಸುತ್ತಲೂ ನೆರೆಯವರು, ಹತ್ತಿರದ ಆರೋಗ್ಯ ಕೇಂದ್ರ, ಔಷಧದ ಅಂಗಡಿ, ಪ್ರಾರ್ಥನಾ ಮಂದಿರ, ಗೆಳೆಯರ ಬಳಗ, ಉದ್ಯೋಗದ ಸ್ಥಳ ಇವುಗಳ ವೃತ್ತಗಳನ್ನು ಬರೆಯಿರಿ. ಗಟ್ಟಿ ಸಂಬಂಧಕ್ಕೆ ದಪ್ಪ ಗೆರೆ, ದುರ್ಬಲ ಸಂಬಂಧಕ್ಕೆ ಚುಕ್ಕೆಗೆರೆ, ಮನಸ್ತಾಪವಿದ್ದಲ್ಲಿ ಅಂಕುಡೊಂಕು ಗೆರೆ ಎಳೆಯಿರಿ. ನಮ್ಮ ವೃದ್ಧೆಯ ಹಾಳೆಯಲ್ಲಿ ಆರೋಗ್ಯ ಕೇಂದ್ರಕ್ಕೆ ಚುಕ್ಕೆಗೆರೆಯೂ ಪಕ್ಕದ ಮನೆಯವರಿಗೆ ದಪ್ಪ ಗೆರೆಯೂ ಇದ್ದರೆ, ತಪಾಸಣೆಗೆ ಕರೆದೊಯ್ಯಲು ಯಾರನ್ನು ಕೇಳಬೇಕೆಂಬುದು ಅಲ್ಲೇ ಕಾಣುತ್ತದೆ. ಯಾರನ್ನು ಕೇಳುವುದಕ್ಕೂ ಮೊದಲು ರೋಗಿಯ ಸಮ್ಮತಿ ಪಡೆದಿರಬೇಕು.

ಮನೆಗೆ ಹೋದ ಮೇಲಿನ ಮೊದಲ ಭೇಟಿಯಲ್ಲಿ, ರಕ್ತದೊತ್ತಡ ನೋಡುವಷ್ಟೇ ಶ್ರದ್ಧೆಯಿಂದ ಹಾಸಿಗೆಯಿಂದ ಶೌಚಾಲಯದವರೆಗಿನ ದಾರಿಯನ್ನು ನಡೆದು ನೋಡಿ. ಹೊಸ್ತಿಲು, ಜಾರುವ ನೆಲ, ರಾತ್ರಿಯ ಬೆಳಕು, ಎಡಗೈಗೆ ಸಿಗುವ ಆಸರೆ, ಒಳಗಿನಿಂದ ಹಾಕಿದರೂ ಹೊರಗಿನಿಂದ ತೆಗೆಯಬಹುದಾದ ಚಿಲಕ, ಇವುಗಳಲ್ಲಿ ಇಲ್ಲದ್ದನ್ನು ಬರೆದುಕೊಂಡು, ಯಾರು ಯಾವ ದಿನದೊಳಗೆ ಸರಿಪಡಿಸುತ್ತಾರೆ ಎಂಬುದನ್ನು ಅದರ ಮುಂದೆಯೇ ನಮೂದಿಸಿ. ಲೋಟದಲ್ಲಿ ನೀರು ಎಷ್ಟು ಉಳಿದಿದೆ ಎಂಬುದನ್ನೂ ಗಮನಿಸಿ. ತುಂಬಿದ್ದು ತುಂಬಿದಂತೆಯೇ ಇದ್ದರೆ, ಕಾರಣವನ್ನು ಮತ್ತೆ ಮೊದಲಿನಿಂದ ಕೇಳಬೇಕು.