ತೋಕ್ ಪೂ ಫೋಟೋ ತೆಗೆಯುವವರಿಗೆ

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ಹತ್ತಿರ ಬಂತು. ಸೆಪ್ಟೆಂಬರ್ 3ರಂದು ಕೋವಿಗೆ ಸಿಕ್ಕಿಸುವ ತೋಕ್ ಪೂ, ಅಂದರೆ ಅಗ್ನಿಶಿಖೆ ಹೂ, ಬೇಲಿಗಳಲ್ಲಿ ಅರಳುತ್ತಿದೆ. ಹತ್ತಿರದಿಂದ ಫೋಟೋ ತೆಗೆಯೋಕೆ ಇದಕ್ಕಿಂತ ಚಂದದ ಹೂ ನನಗಂತೂ ಸಿಕ್ಕಿಲ್ಲ.

ಮೇಲಿನಿಂದ ತೆಗೆಯಬೇಡಿ. ಇದರ ದಳಗಳು ಬೆಂಕಿಯ ನಾಲಗೆ ಹಾಗೆ ಮೇಲಕ್ಕೆ ಮಡಚಿಕೊಂಡಿರುತ್ತವೆ, ಕೇಸರಗಳು ಮಾತ್ರ ಕೆಳಗೆ ಸುತ್ತಲೂ ಚಾಚಿರುತ್ತವೆ. ಹಾಗಾಗಿ ಮೊಣಕಾಲೂರಿ ಹೂವಿನ ಮಟ್ಟಕ್ಕೇ ಬನ್ನಿ. ನಿಮ್ಮ ಕಡೆಗೆ ಚಾಚಿರುವ ಒಂದು ಕೇಸರದ ತುದಿಗೆ ಫೋಕಸ್ ಮಾಡಿ. ಅಲ್ಲಿನ ಹಳದಿ ಪುಡಿ ಸ್ಪಷ್ಟವಾಗಿ ಕಂಡರೆ ಸಾಕು, ದಳ ಸ್ವಲ್ಪ ಮಸುಕಾದರೂ ಚಂದವೇ.

ಕೆಂಪು ಬಣ್ಣ ಕ್ಯಾಮೆರಾದಲ್ಲಿ ಬೇಗ ಕಲಸಿ ಹೋಗುತ್ತದೆ, ದಳದ ಗೆರೆಗಳೇ ಕಾಣಿಸೋದಿಲ್ಲ. ಮೊಬೈಲಿನಲ್ಲಿ ಹೂವಿನ ಮೇಲೆ ಒತ್ತಿ, ಬೆಳಕನ್ನು ಸ್ವಲ್ಪ ಇಳಿಸಿಕೊಳ್ಳಿ. ಮೋಡ ಕವಿದ ಬೆಳಗ್ಗೆ ಗಾಳಿಯೂ ಕಡಿಮೆ, ಬೆಳಕೂ ಮೃದು. ಆದರೂ ಬಳ್ಳಿ ಅಲ್ಲಾಡಿದರೆ ಪಕ್ಕದಲ್ಲಿ ಒಂದು ಕಡ್ಡಿ ನೆಟ್ಟು, ಬಟ್ಟೆ ಕ್ಲಿಪ್ಪಿನಿಂದ ಮೆಲ್ಲಗೆ ಹಿಡಿಸಿ. ಜಜ್ಜಬಾರದು, ಅಷ್ಟೇ.

ಮಕ್ಕಳು ಜೊತೆಗಿದ್ದರೆ ಹುಷಾರು. ಇಡೀ ಗಿಡ ವಿಷ, ಗೆಡ್ಡೆಯಂತೂ ತುಂಬಾ ಜಾಸ್ತಿ. ಫೋಟೋಗೋಸ್ಕರ ಸುಮ್ನೆ ಕಿತ್ತು ತರಬೇಡಿ, ಅಲ್ಲೇ ತೆಗೆಯಿರಿ.