ಹಿಮ್ಮಡಿ ನೋವಿಗೆ ಅಳತೆ ಕೊಟ್ಟು ಮಾಡಿಸುವ ಇನ್‌ಸೋಲ್

ಬೆಳಗ್ಗೆ ಎದ್ದು ಮೊದಲ ಹೆಜ್ಜೆ ಇಟ್ಟಾಗಲೇ ಹಿಮ್ಮಡಿಗೆ ಮೊಳೆ ಚುಚ್ಚಿದ ಹಾಗಾಗುತ್ತಾ? ದಾದರ್‌ನಿಂದ ಡೊಂಬಿವಲಿವರೆಗೆ ಮುಂಬೈ ಲೋಕಲ್ ರೈಲಿನಲ್ಲಿ ನಿಂತೇ ಬರುವವರಿಗೆ ಇದು ಎಂಥ ಹಿಂಸೆ ಅಂತ ನನಗೆ ಗೊತ್ತು. ಮೊದಲು ಮೂಳೆ ಡಾಕ್ಟರಿಗೆ ತೋರಿಸಿ. ಅವರು ಇನ್‌ಸೋಲ್, ಅಂದರೆ ಶೂ ಒಳಗೆ ಪಾದದಡಿ ಹಾಕುವ ಹಾಸು, ಮಾಡಿಸಿ ಅಂದರೆ, ಅದನ್ನು ಮಾಡುವವರ ಹತ್ತಿರ ದಿನಾ ಹಾಕುವ ಹಳೇ ಶೂ ತಗೊಂಡೇ ಹೋಗಿ, ಅಟ್ಟೆ ಯಾವ ಕಡೆ ಸವೆದಿದೆ ಅನ್ನೋದರಲ್ಲೇ ನಿಮ್ಮ ನಡಿಗೆ ಕಾಣುತ್ತದೆ. ಮೆತ್ತನೆ ಫೋಮ್ ಮೇಲೆ ಪಾದ ಒತ್ತಿಸಿ ಅಚ್ಚು ತೆಗೆಯುತ್ತಾರೆ, ಇಲ್ಲವೇ ಸ್ಕ್ಯಾನ್ ಮಾಡುತ್ತಾರೆ. ಪಾದದ ಕಮಾನಿಗೆ ಆಸರೆ ಸಿಕ್ಕರೆ ಭಾರವೆಲ್ಲ ಹಿಮ್ಮಡಿ ಮೇಲೇ ಬೀಳದೆ ಹಂಚಿಹೋಗುತ್ತದೆ.

ಶೂ ಒಳಗಿನ ಹಳೇ ಹಾಸು ತೆಗೆದು ಹೊಸ ಇನ್‌ಸೋಲ್ ಹಾಕಿ. ಮೊದಲ ದಿನ ಒಂದು ಗಂಟೆ ಸಾಕು, ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡಿ. ಬೊಬ್ಬೆ ಬಂದರೆ ಸುಮ್ನೆ ಸಹಿಸಬೇಡಿ, ವಾಪಸ್ ಕೊಟ್ಟು ಸರಿ ಮಾಡಿಸಿ. ಶುಗರ್ ಇರುವವರು ದಿನಾ ರಾತ್ರಿ ಅಂಗಾಲು ನೋಡಿಕೊಳ್ಳಲೇಬೇಕು.