ಹಿರಿಯರು ಬೀಳದಂತೆ ನೃತ್ಯ: ತರಗತಿ ನಡೆಸಿದ ನನ್ನ ಅನುಭವ

ಫಿಸಿಯೋಥೆರಪಿಸ್ಟ್ ಆಗಿ ಹಿರಿಯರಿಗೆ ಸಮತೋಲನದ ವ್ಯಾಯಾಮಗಳನ್ನು ಹೇಳಿಕೊಡುತ್ತಿದ್ದ ನನಗೆ, ಗೋಡೆ ಹಿಡಿದು ಒಂಟಿಕಾಲಲ್ಲಿ ನಿಲ್ಲುವ ಅಭ್ಯಾಸವನ್ನು ಮನೆಯಲ್ಲಿ ಮುಂದುವರಿಸುವವರು ವಿರಳವೆಂಬುದು ಬೇಗನೆ ತಿಳಿಯಿತು. ಅದೇ ಚಲನೆಗಳನ್ನು ತಾಳಕ್ಕೆ ಹೊಂದಿಸಿದಾಗ ಅವರು ತಾವಾಗಿಯೇ ಬರತೊಡಗಿದರು. 65 ದಾಟಿದವರಲ್ಲಿ ಸುಮಾರು ಮೂವರಲ್ಲಿ ಒಬ್ಬರು ವರ್ಷಕ್ಕೆ ಒಮ್ಮೆಯಾದರೂ ಬೀಳುತ್ತಾರೆ. ಬಿದ್ದವರು ಭಯದಿಂದ ಓಡಾಟವನ್ನೇ ಕಡಿಮೆ ಮಾಡುವುದರಿಂದ ಕಾಲಿನ ಬಲ ಕುಗ್ಗಿ, ಮತ್ತೆ ಬೀಳುವ ಸಂಭವ ಹೆಚ್ಚುತ್ತದೆ.

ಆದರೂ ಯಾವ ಕುಣಿತವಾದರೂ ಸಾಕೆಂದು ನಾನು ಹೇಳಲಾರೆ. ಜಿನೀವಾದಲ್ಲಿ 134 ಹಿರಿಯರು ಪಾಲ್ಗೊಂಡು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪಿಯಾನೋದ ಲಯ ಬದಲಾದಂತೆಲ್ಲ ನಡಿಗೆಯನ್ನು ಬದಲಿಸುವ ವಾರಕ್ಕೊಂದು ಗಂಟೆಯ ಅಭ್ಯಾಸದಿಂದ ಆರು ತಿಂಗಳಲ್ಲಿ ಬೀಳುವ ಪ್ರಮಾಣ ಅರ್ಧಕ್ಕಿಂತಲೂ ಹೆಚ್ಚು ತಗ್ಗಿತ್ತು. 2016ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ದೊಡ್ಡ ಅಧ್ಯಯನದಲ್ಲಾದರೋ, ಜಾನಪದ ಮತ್ತು ಬಾಲ್‌ರೂಮ್ ನೃತ್ಯಗಳಿಂದ ಅಂಥ ಇಳಿಕೆ ಕಾಣಲಿಲ್ಲ. ಇವೆರಡನ್ನೂ ಓದಿದ ಮೇಲೆ, ಸಮತೋಲನಕ್ಕೆ ನಿಜವಾದ ಸವಾಲು ಒಡ್ಡದ ಹೆಜ್ಜೆಗಳು ಮನಸ್ಸಿಗೆ ಮುದ ಕೊಟ್ಟರೂ ಬೀಳುವುದನ್ನು ತಡೆಯಲಾರವು ಎಂಬ ನಿಲುವಿಗೆ ನಾನು ಬಂದೆ.

ಆದ್ದರಿಂದ ನನ್ನ ತರಗತಿಯಲ್ಲಿ ಅಂದಕ್ಕಿಂತ ಭಾರದ ವರ್ಗಾವಣೆಗೆ ಪ್ರಾಶಸ್ತ್ಯ. ಮೊದಲು ಕುರ್ಚಿಯಲ್ಲಿ ಕುಳಿತು ಹಿಮ್ಮಡಿ, ಮುಂಗಾಲುಗಳಿಂದ ತಾಳ ಹಾಕಿಸುತ್ತೇನೆ. ನಂತರ ಕುರ್ಚಿಯ ಬೆನ್ನು ಹಿಡಿದು, ಒಂದು ಕಾಲಿನ ಮೇಲೆ ಪೂರ್ಣ ಭಾರ ಬಿದ್ದ ಮೇಲೆಯೇ ಇನ್ನೊಂದನ್ನು ಎತ್ತಬೇಕೆಂದು ಹೇಳುತ್ತೇನೆ. ಪಕ್ಕಕ್ಕೆ ಬಿದ್ದಾಗ ಸೊಂಟದ ಮೂಳೆ ಮುರಿಯುವ ಅಪಾಯ ಹೆಚ್ಚಾದ್ದರಿಂದ ಅಡ್ಡ ಹೆಜ್ಜೆಗಳಿಗೆ ಬಹಳ ಹೊತ್ತು ಕೊಡುತ್ತೇನೆ. ತಿರುಗುವಾಗ ಒಂದೇ ಕಾಲಿನ ಮೇಲೆ ಗಿರಕಿ ಹೊಡೆಯದೆ ಸಣ್ಣ ಸಣ್ಣ ಹೆಜ್ಜೆಗಳಿಂದ ತಿರುಗಬೇಕು. ಇದು ರೂಢಿಯಾದ ಮೇಲೆ ಹಾಡನ್ನು ನಡುವೆ ನಿಲ್ಲಿಸುತ್ತೇನೆ, ವೇಗ ಬದಲಿಸುತ್ತೇನೆ, ಹೆಜ್ಜೆ ಹಾಕುತ್ತಲೇ ಪ್ರಾಣಿಗಳ ಹೆಸರು ಹೇಳಿಸುತ್ತೇನೆ. ಮಾತು ಆರಂಭವಾದೊಡನೆ ಕೆಲವರ ನಡಿಗೆ ನಿಂತೇಬಿಡುತ್ತದೆ. ನಿತ್ಯ ಜೀವನದಲ್ಲಿ ಎಡವುವುದೂ ಹೀಗೆ ಗಮನ ಹಂಚಿಹೋದಾಗಲೇ ಅಲ್ಲವೇ?

ಸೇರಿಸಿಕೊಳ್ಳುವ ಮುನ್ನ ಎದ್ದಾಗ ತಲೆಸುತ್ತುತ್ತದೆಯೇ, ನಿದ್ರೆ ಮಾತ್ರೆ ಅಥವಾ ರಕ್ತದೊತ್ತಡದ ಮಾತ್ರೆ ಸೇವಿಸುತ್ತಾರೆಯೇ ಎಂದು ವಿಚಾರಿಸಿ, ಇತ್ತೀಚೆಗೆ ಬಿದ್ದವರನ್ನು ವೈದ್ಯರ ಬಳಿಗೆ ಕಳುಹಿಸುತ್ತೇನೆ. ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ಹಿಂದಿರುಗಿ ಕೂರಲು 12 ಸೆಕೆಂಡ್ ಅಥವಾ ಅದಕ್ಕಿಂತ ಹೆಚ್ಚು ಬೇಕಾದವರ ಪಕ್ಕದಲ್ಲಿ, ತುಸು ಹಿಂದೆ, ಒಬ್ಬ ಸಹಾಯಕರು ನಿಂತಿರುತ್ತಾರೆ. ಹಿಮ್ಮಡಿಯನ್ನು ಬಿಗಿಯಾಗಿ ಹಿಡಿಯುವ, ತೆಳು ಅಡಿಯ, ಜಾರದ ಪಾದರಕ್ಷೆ ಕಡ್ಡಾಯ.

ವಾರಕ್ಕೊಂದು ತರಗತಿ ಸಾಕಾಗದು. 65 ದಾಟಿದವರು ಸಮತೋಲನ ಮತ್ತು ಬಲ ಎರಡನ್ನೂ ಬೆಳೆಸುವ ಚಟುವಟಿಕೆಯನ್ನು ವಾರಕ್ಕೆ ಮೂರು ಅಥವಾ ಹೆಚ್ಚು ದಿನ ಮಾಡಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನೃತ್ಯವೊಂದರಿಂದಲೇ ತೊಡೆಗೆ ಸಾಕಷ್ಟು ಬಲ ಬಾರದ ಕಾರಣ, ಕೈಯೂರದೆ ಕುರ್ಚಿಯಿಂದ ಏಳುವ, ಕೂರುವ ಅಭ್ಯಾಸವನ್ನು ಪ್ರತಿ ಹಾಡಿನ ಕೊನೆಗೆ ಸೇರಿಸಿದ್ದೇನೆ; ಉಳಿದ ದಿನಗಳಲ್ಲಿ ಮನೆಯಲ್ಲಿ ಮಾಡಲೆಂದು ಅದನ್ನೂ ಅಡ್ಡ ಹೆಜ್ಜೆಗಳನ್ನೂ ಮಾತ್ರ ಹೇಳಿಕಳುಹಿಸುತ್ತೇನೆ.